ಭಾ ಮುಗಿದ ದಿನ

ಬೀಬಿ ಅಲಾಬಿ ರಸ್ತೆಯ ಪ್ರೆಸ್ಸಿನಲ್ಲಿ
ನನ್ನ ಕೆಲಸ ಓದುವುದು,
ಗಟ್ಟಿಯಾಗಿ, ಅಲ್ಪವಿರಾಮ ಸಮೇತ.
ಸೆರಾವೊ ಪೊರ್ಬುಗಳದ್ದು ಮೊಳೆ ಜೋಡಿಸುವುದು.
ಕಿವಿಗೆ ಬಿದ್ದದ್ದು ಬೆರಳಿಗಿಳಿದು
ಸೀಸವಾಗಿ ತಲೆಕೆಳಗೆ ನಿಲ್ಲುತ್ತಿತ್ತು.

ಇಂಗ್ಲಿಷಿನಿಂದ ಕನ್ನಡಕ್ಕೆ ನಿಘಂಟು.
ಒಂಬೈನೂರು ಪುಟದ ಆಸೆ,
ಎರಡೇ ಎರಡು ಮೊಳೆಪೆಟ್ಟಿಗೆ.
ಡರ್ತ್ ಬಂದ ದಿನ 'ಅಭಾವ' ಎಂದು ಓದಿದೆ.
ಪೊರ್ಬುಗಳ ಕೈ ಪೆಟ್ಟಿಗೆಯ ಒಂದು ಮನೆಗೆ ಹೋಗಿ
ತಡಕಿ, ಕೆರೆದು, ಬರಿದೇ ಬಂತು.
"ಭಾ ಇಲ್ಲ ಮಗಾ.
ಕಟ್ಟಿ ನಿಲ್ಲಿಸಿದ ಎಂಟು ಪುಟ ಇದೆಯಲ್ಲ,
ಅಲ್ಲಿನ ಭಾರ, ಭಾಗ, ಭಾವ ಎಲ್ಲ ತಿಂದು ಕೂತಿವೆ.
ಬೇರೆ ಏನಾದರೂ ಹೇಳು."
ಅಭಾವಕ್ಕೇ ಅಭಾವ ಅಂತ ನಗಲು ಹೋದೆ.
ಅವರು ನಗಲಿಲ್ಲ.
ಕೊರತೆ ಅಂದೆ. ಆಯಿತು.

ಡರ್ತಿನ ಹೊಟ್ಟೆಯಲ್ಲಿರುವುದು ಡಿಯರ್ ಅಂತೆ.
ಹಸ್ತಪ್ರತಿಯ ಅಂಚಿಗೆ ಪಂಡಿತರು ಪೆನ್ಸಿಲಿನಲ್ಲಿ ಬರೆದಿದ್ದರು:
ತುಟ್ಟಿ, ಪ್ರಿಯ, ಎರಡಕ್ಕೂ ಅದೇ.
ರಾತ್ರಿ ಅಪ್ಪೆಗೆ ಹೇಳಿದೆ.
ಆಟಿ ತಿಂಗಳು, ದೋಣಿಗಳು ದಡದಲ್ಲಿ ಕವುಚಿದ್ದವು,
ಅವಳ ಬುಟ್ಟಿಯಲ್ಲಿ ಒಣ ಸಿಗಡಿ, ಅದೂ ಕಳೆದ ವರ್ಷದ್ದು.
"ರೂಪಾಯಿಗೆ ನೂರು ಬೂತಾಯಿ ಬಿದ್ದಾಗ
ತೆಂಗಿನ ಬುಡಕ್ಕೆ ಹೊತ್ತು ಹಾಕಿದರು.
ಈಗ ಒಂದು ಸಿಕ್ಕಿದರೆ ಮುತ್ತು ಕೊಟ್ಟಾರು.
ನಿನ್ನ ಇಂಗ್ಲಿಷಿನವರು
ಮೀನು ಮಾರಿದವರೇ ಇರಬೇಕು."

ರೇರ್ ಅಂದರೆ ನಡುನಡುವೆ ಸಂದು ಬಿಟ್ಟದ್ದು.
ನಮ್ಮ ವಿರಳವೂ ಹಾಗೆಯೇ.
ಒಬ್ಬರಿಂದ ಒಬ್ಬರು ಕದ್ದದ್ದಲ್ಲ,
ಇಬ್ಬರೂ ಬಲೆ ನೋಡಿದ್ದಾರೆ, ಅಷ್ಟೆ.
ಆ ಸಾಲಿಗೆ ಪದ ಸಾಲದೆ
ಪೊರ್ಬುಗಳು ಸಂದಿಗೆ ಖಾಲಿ ಸೀಸ ತುರುಕಿದರು,
ಅಚ್ಚಾಗದ ಸೀಸ.
ಅದಕ್ಕೂ ತೂಕವಿತ್ತು.

ಸ್ಕೇರ್ಸ್ ಬರುವಾಗ ಎಷ್ಟೋ ಮಳೆಗಾಲ ಕಳೆದಿತ್ತು.
ಅದರ ಬೇರಿನಲ್ಲಿ ಹೆಕ್ಕುವುದು ಇದೆ.
ಹೆಕ್ಕಿ ತೆಗೆದದ್ದೋ,
ಯಾರೋ ಹೆಕ್ಕಿಕೊಂಡು ಹೋದ ಮೇಲೆ ಉಳಿದದ್ದೋ?
ಪೆನ್ಸಿಲು ಅಲ್ಲೊಂದು ಪ್ರಶ್ನೆಚಿಹ್ನೆ ಇಟ್ಟು ಮುಗಿದಿತ್ತು.
ಪಂಡಿತರೂ.
ಆ ಶನಿವಾರ ಬಟವಾಡೆ ಅರ್ಧ.
ಪೊರ್ಬುಗಳು ನೋಟು ಎಣಿಸಿ 'ಉಣೆಂ' ಅಂದರು,
ಕೊಂಕಣಿಯಲ್ಲಿ ಕಡಿಮೆ ಎಂದು.
ನನಗೆ ಅದರಲ್ಲಿ ಉಣ್ಣುವುದು ಕೇಳಿತು.
ನಾನು 'ಬಡವು' ಅಂದೆ,
ತುಳುವಿನಲ್ಲಿ ಹಸಿವೆ ಎಂದು.
ಮಾಲೀಕರಿಗೆ ಬಡತನ ಕೇಳಿತು.
ಯಾರಿಗೂ ತಪ್ಪು ಕೇಳಲಿಲ್ಲ.

ವಾಂಟ್ ತನಕ ನಾವು ಮುಟ್ಟಲಿಲ್ಲ.
ಇಲ್ಲ ಎನ್ನುವುದು ಸವೆದು ಸವೆದು
ಬೇಕು ಎಂದಾದ ಮಾತು ಅದು;
ಕದ್ದು ಮುಂದಕ್ಕೆ ಓದಿದ್ದೆ.
ನಮ್ಮಲ್ಲಿ ಬೇರೆ ರೀತಿ, ಬೇಡುವವನ ಬಾಯಲ್ಲೇ
ಬೇಡ ಕೂತಿರುತ್ತದೆ.

ಪ್ರೆಸ್ಸು ವಿ ಅಕ್ಷರದಲ್ಲಿ ನಿಂತಿತು.
ಮೊಳೆಗಳು ಕಿಲೋ ಲೆಕ್ಕದಲ್ಲಿ ಹೋದವು.
ಕೊಂಡವನು ಬೆಂಗರೆಯ ಹಮ್ಮಬ್ಬ;
ಎಣ್ಣೆಡಬ್ಬದಲ್ಲಿ ಕರಗಿಸಿ
ಬಲೆಯ ಅಂಚಿಗೆ ಗುಂಡು ಎರೆದ.
ಪೊರ್ಬುಗಳು ದೋಣಿ ದಾಟಿ ನೋಡಲು ಬಂದರು,
ಜೊತೆಗೆ ನಾನು.
ಕನ್ನಡ ಮೊದಲು ಕರಗಿತೋ ಇಂಗ್ಲಿಷೋ
ಹೇಳಲಿಕ್ಕಾಗುವುದಿಲ್ಲ.
ಹೊಗೆಗೆ ಕಣ್ಣುಜ್ಜಿ ಅವರು ಗೋಣಿಗೆ ಕೈಹಾಕಿ
ನೋಡದೆಯೇ, ಬೆರಳಲ್ಲೇ ಗುರುತು ಹಿಡಿದು
ಒಂದನ್ನು ನನ್ನ ಅಂಗೈಗೆ ಇಟ್ಟರು.
ಭಾ.
"ಮೂಲೆಯಲ್ಲಿತ್ತು ನೋಡು" ಅಂದರು,
ತನ್ನದೇ ತಪ್ಪು ಎಂಬಂತೆ.

ಉಳಿದವೆಲ್ಲ ಅಳಿವೆಯ ಆಚೆ ನೀರಿನಡಿ
ಬಲೆಯನ್ನು ಜಗ್ಗಿ ಹಿಡಿದಿರಬೇಕು.
ಇದು ನನ್ನ ಸೂಜಿಡಬ್ಬದಲ್ಲಿದೆ.
ಗುಂಡಿ ಹುಡುಕುವಾಗ ತಾಗುತ್ತದೆ, ತಣ್ಣಗೆ.
ಮೊಮ್ಮಗಳು ಕೇಳಿದಳು, ಇದೇನು ಬರೆದದ್ದು.
ಕನ್ನಡಿ ತಾ ಅಂದೆ.